ಟಿಟ್ಟಿಭದ ಮೊಟ್ಟೆಯ ಚಿತ್ರ

ಹಕ್ಕಿಗಳ ಪುಸ್ತಕಕ್ಕೆ ಚಿತ್ರ ಬರೆಯುವ ಮಂದಾಕಿನಿ, ಬತ್ತಿದ ಕೆರೆಯಂಗಳದ ಗರಸಿನಲ್ಲಿ ಟಿಟ್ಟಿಭ ಇಟ್ಟಿದ್ದ ನಾಲ್ಕು ಮೊಟ್ಟೆಗಳನ್ನು ಬಿಳಿ ಹಾಳೆಯ ಮೇಲೆ ಒಂದು ಚುಕ್ಕೆಯೂ ತಪ್ಪದಂತೆ ಬರೆಯುತ್ತಿದ್ದಳು.

"ಏನು ಬರೆಯುತ್ತಿದ್ದೀಯಮ್ಮ?" ಎಂದು ದೂರದ ಜಾಲಿಮರದಿಂದ ಕಾಗೆ ಕೇಳಿತು.

"ಟಿಟ್ಟಿಭದ ಮೊಟ್ಟೆ."

"ಹೌದೇ! ಅವು ಹೇಗಿರುತ್ತವೆಂದು ನಾನು ಕಂಡೇ ಇಲ್ಲ. ಮುಗಿದ ಮೇಲೆ ತೋರಿಸುತ್ತೀಯಾ?"

ಮಂದಾಕಿನಿ ಹಿಂದುಮುಂದು ನೋಡದೆ ಒಪ್ಪಿದಳು.

ಟಿಟ್ಟಿಭ ಓಡೋಡಿ ಬಂದು ಹಾಳೆಯನ್ನು ನೋಡಿತು. "ತಾಯಿ, ಇದನ್ನು ಕಂಡರೆ ಕಾಗೆ ನನ್ನ ಮೊಟ್ಟೆಗಳ ಗುರುತು ಹಿಡಿಯುತ್ತದೆ."

"ಮಾತು ಕೊಟ್ಟುಬಿಟ್ಟೆನಲ್ಲ. ಸುಳ್ಳು ಚಿತ್ರ ಬರೆಯುವುದು ನನ್ನಿಂದಾಗದು."

"ಸುಳ್ಳು ಬೇಡ, ನಿಜವನ್ನೇ ಪೂರ್ತಿಯಾಗಿ ಬರೆ. ನನ್ನ ಮೊಟ್ಟೆ ಎಂದಾದರೂ ಬಿಳಿಯ ನೆಲದ ಮೇಲೆ ಇದ್ದದ್ದುಂಟೆ?"

ಮಂದಾಕಿನಿಗೆ ಕುತೂಹಲ ಹುಟ್ಟಿತು. ಅವಳು ನೆಲಕ್ಕೆ ಬಾಗಿ ನೋಡಿದಳು. ಮೊಟ್ಟೆಗಳ ಸುತ್ತಲಿದ್ದ ಒಂದೊಂದು ಹರಳನ್ನೂ, ಒಣಗಿದ ಮಣ್ಣಿನ ಹೆಂಟೆಯನ್ನೂ, ಕಲ್ಲುಗಳ ನೆರಳನ್ನೂ ಎರಡು ದಿನ ಕೂತು ಬರೆದಳು.

ಮೂರನೆಯ ದಿನ ಕಾಗೆ ಬಂದು ಚಿತ್ರವನ್ನು ಒಂದು ಕಣ್ಣಿನಿಂದ ನೋಡಿತು, ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದಲೂ ನೋಡಿತು. "ಬರೀ ಕಲ್ಲುಗಳು! ಮೊಟ್ಟೆ ಬರೆಯುವ ಮುಂಚೆಯೇ ದಣಿದೆಯಾ?" ಎಂದು ನಕ್ಕು, ನಿಜವಾದ ಗೂಡಿನ ಮೇಲಿಂದಲೇ ಹಾರಿಹೋಯಿತು.

ಆಮೇಲೆ ಟಿಟ್ಟಿಭ ಚಿತ್ರದ ಮುಂದೆ ನಿಂತಿತು. ಮೂರು ಮೊಟ್ಟೆಗಳು ಬೇಗ ಸಿಕ್ಕವು. ನಾಲ್ಕನೆಯದನ್ನು ಹುಡುಕಲು ಹೆತ್ತ ತಾಯಿಗೂ ಸ್ವಲ್ಪ ಹೊತ್ತು ಹಿಡಿಯಿತು.

"ಹೌದು, ಇವೇ ನನ್ನವು," ಎಂದಿತು ಟಿಟ್ಟಿಭ.