ತಿಮ್ಮರಾಯ ವಿಮಾನಕ್ಕೆ ಸ್ಟಿಕರ್ ಅಂಟಿಸಿದ್ದು

ಗಂಗಾಜಮ್ಮನಿಗೆ ಇದ್ದವನು ಒಬ್ಬನೇ ಮಗ, ಅವನೋ ಪೆದ್ದ. ಹೆಸರು ತಿಮ್ಮರಾಯ, ವಯಸ್ಸು ಮೂವತ್ತು. ಯಾರು ಏನು ಹೇಳಿದರೂ ಹೇಳಿದ ಹಾಗೇ ಮಾಡೋನು, ಒಂದು ಕೂದಲೆಳೆ ಆಚೆ ಈಚೆ ಇಲ್ಲ.

ಗಂಗಾಜಮ್ಮನ ಕಸುಬು ಊರಿಗೆಲ್ಲ ಹೊಸದು. ಅಂಗೈಯಗಲದ ಪ್ಲಾಸ್ಟಿಕ್ ಯುದ್ಧವಿಮಾನ ಜೋಡಿಸೋ ಹುಚ್ಚಿನವರು ಇದ್ದಾರಲ್ಲ, ಅವರಿಗೆ ಪೆಟ್ಟಿಗೇಲಿ ಬರೋ ಸ್ಟಿಕರೆಲ್ಲ ಹೊರದೇಶದ ಗುರುತಿನವು. ನಮ್ಮ ವಾಯುಸೇನೆಯ ಮೂರು ಬಣ್ಣದ ಚಕ್ರ ಬೇಕು, ನಮ್ಮ ನಂಬರು ಬೇಕು ಅಂದವರಿಗೆ ಇವಳು ಬೇರೆ ಹಾಳೆ ಅಚ್ಚು ಹಾಕಿ ಕೊಡೋಳು.

"ಅಕ್ಕ, ಇವನನ್ನ ನನ್ನ ಜೊತೆ ಕಳಿಸು, ನನ್ನ ಗೋಡೌನ್ ಬಾಗಿಲಲ್ಲಿ ಕಾವಲು ಕೂತಿರಲಿ" ಅಂದ ಅವಳ ತಮ್ಮ ರಂಗಶಾಮಿ.

"ನನ್ನ ಮಗ ನನ್ನ ಕಸುಬು ಕಲೀತಾನೆ."

"ಭಾನುವಾರ ಬರ್ತೀನಿ. ಕಲೀದಿದ್ರೆ ಕರ್ಕೊಂಡು ಹೋಗ್ತೀನಿ" ಅಂತ ಹೇಳಿ ರಂಗಶಾಮಿ ಹೊರಟುಹೋದ.

ಸೋಮವಾರ ಗಂಗಾಜಮ್ಮ ಮಗನ ಕೈಗೆ ಹಾಳೆ ಕೊಟ್ಟಳು. "ನೀರಲ್ಲಿ ನೆನೆಸು, ಚಿತ್ರ ಕಾಗದ ಬಿಟ್ಟು ಜಾರುತ್ತೆ, ಆಮೇಲೆ ಅಂಟಿಸು." ಅವನು ಇಡೀ ಹಾಳೆ ಬಕೆಟ್ಟಿಗೆ ಹಾಕಿದ. ಚಕ್ರ, ನಂಬರು, ಬಾಣ ಎಲ್ಲಾ ಜಾರಿ ಒಂದರ ಮೇಲೊಂದು ಮೆತ್ತಿಕೊಂಡು ಮುದ್ದೆಯಾದವು.

"ಅಯ್ಯೋ ಪೆದ್ದಪ್ಪ, ನೆನೆಸೋಕೆ ಮುಂಚೆ ಒಂದೊಂದೇ ಕತ್ತರಿಸಬೇಕು ಕಣೋ."

"ಹಂಗೇ ಆಗ್ಲಿ ಕಣಮ್ಮ."

ಮಾರನೇ ದಿನ ಅವಳು ಸಂತೆಗೆ ಹೊರಡುವಾಗ, "ಬಟ್ಟೆ ನೆನೆಸಿಡೋ" ಅಂದಳು. ಬಂದು ನೋಡಿದರೆ ಬಕೆಟ್ ತುಂಬ ಸೀರೆಯ ತುಂಡು. ಒಂದೊಂದು ಹೂವನ್ನೂ ಅಂಚು ಬಿಡದೆ ಕತ್ತರಿಸಿದ್ದ.

"ನೀನೇ ಹೇಳಿದ್ದು" ಅಂದ, ಎದೆ ಸೆಟೆಸಿ.

ಅವಳಿಗೆ ಅಳಬೇಕೋ ಹೊಡೀಬೇಕೋ ತಿಳೀಲಿಲ್ಲ. "ಇನ್ಮೇಲೆ ಕತ್ತರಿ ಮುಟ್ಟಬೇಡ. ಬೆಲೆಬಾಳೋದು ಮನೇಲಿ ಏನೇ ಇದ್ರೂ ಚಿಮಟದಲ್ಲಿ ಹಿಡಿದು ಮೆಲ್ಲಗೆ ಸರಿಸು."

"ಹಂಗೇ ಆಗ್ಲಿ ಕಣಮ್ಮ."

ಗುರುವಾರ ದೊರೆಸ್ವಾಮಿಯವರು ಬಂದರು. ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗ ನಿವೃತ್ತರು. ತಾವು ಇಪ್ಪತ್ತು ವರ್ಷ ರಿಪೇರಿ ಮಾಡಿದ ವಿಮಾನದ ಪುಟ್ಟ ಮಾದರಿ ಜೋಡಿಸಿ ಬಣ್ಣ ಬಳಿದು ತಂದಿದ್ದರು. ಅದಕ್ಕೆ ಅದೇ ನಂಬರು ಬೇಕಿತ್ತು.

ಒಲೆ ಮುಂದಿದ್ದ ಗಂಗಾಜಮ್ಮ ಕೂಗಿದಳು: "ಬೆಲೆಬಾಳೋ ಗಿರಾಕಿ ಕಣೋ, ಒಳಗೆ ಕರ್ಕೊಂಡು ಬಾ."

ತಿಮ್ಮರಾಯ ಅವರ ಕಿವಿಯನ್ನು ಚಿಮಟದಲ್ಲಿ ಹಿಡಿದು, ಮೆಲ್ಲಗೆ, ಹೊಸಲು ದಾಟಿಸಿಕೊಂಡು ಬಂದ.

ಗಂಗಾಜಮ್ಮ ನಾಚಿಕೆಯಿಂದ ನೆಲ ನೋಡಿದಳು. ದೊರೆಸ್ವಾಮಿ ಕಿವಿ ಉಜ್ಜಿಕೊಳ್ಳುತ್ತ, "ಕೈ ನಡುಗೋದಿಲ್ಲ ಇವನಿಗೆ. ಇವನೇ ಅಂಟಿಸಲಿ" ಅಂದರು. ತಿಮ್ಮರಾಯನ ಕಡೆ ತಿರುಗಿ, "ನೋಡಪ್ಪ, ಒರಟು ಜಾಗದಲ್ಲಿ ಅಂಟಿಸಿದರೆ ಗುಳ್ಳೆ ಏಳುತ್ತೆ. ಎಲ್ಲಿ ನುಣ್ಣಗೆ ಹೊಳೀತದೋ ಅಲ್ಲೇ ಅಂಟಿಸು" ಅಂತ ಕಲಿಸಿ, ವಿಮಾನ ಬಿಟ್ಟು ಹೋದರು.

"ಹಂಗೇ ಆಗ್ಲಿ ಸ್ವಾಮಿ."

ಭಾನುವಾರ ರಂಗಶಾಮಿ ಬಂದ. "ಗಂಟುಮೂಟೆ ಕಟ್ಟು" ಅಂತ ಅಳಿಯನಿಗೆ ಹೇಳಿ, ಉಂಡು, ಕುರ್ಚಿಯಲ್ಲೇ ಗೊರಕೆ ಹೊಡೆದ. ತಿಮ್ಮರಾಯ ವಿಮಾನ ಸವರಿ ನೋಡಿದ, ಬಣ್ಣ ಒರಟು. ಮೇಜು ಸವರಿದ, ಒರಟು. ಗೋಡೆಯೂ ಒರಟು. ಮನೆಯಲ್ಲಿ ನುಣ್ಣಗೆ ಹೊಳೀತಿದ್ದದ್ದು ಒಂದೇ, ಎಣ್ಣೆ ಹಚ್ಚಿದ್ದ ಮಾವನ ಬೋಳುತಲೆ.

ಎಣ್ಣೆ ಒರೆಸಿದ. ಅಮ್ಮ ಅಚ್ಚು ಹಾಕಿ ಕತ್ತರಿಸಿಟ್ಟಿದ್ದ ತುಂಡುಗಳನ್ನ ನೆನೆಸಿ, ಎಡಕ್ಕೊಂದು ಚಕ್ರ, ಬಲಕ್ಕೊಂದು ಚಕ್ರ, ನಡುವೆ ನಂಬರು ಅಂಟಿಸಿದ.

ರಂಗಶಾಮಿ ಎದ್ದು ಕನ್ನಡಿ ನೋಡಿ ಕೋಪದಿಂದ ಕುಣಿದಾಡಿಬಿಟ್ಟ. "ಇವನನ್ನ ಇವತ್ತೇ ಕರ್ಕೊಂಡು ಹೋಗ್ತೀನಿ."

ಆ ಹೊತ್ತಿಗೆ ದೊರೆಸ್ವಾಮಿಯೂ ಬಂದರು. ಕನ್ನಡಕ ಏರಿಸಿ, ಆ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ. ನಂಬರು ನೂಲು ಹಿಡಿದ ಹಾಗಿದೆ."

ಗಂಗಾಜಮ್ಮ ಬಾಗಿಲಿಗೆ ಅಡ್ಡ ನಿಂತಳು. "ಕೇಳಿದೆಯಾ ರಂಗಶಾಮಿ? ಕಸುಬು ಕಲಿತಿದ್ದಾನೆ. ನನ್ನ ಮಗ ಎಲ್ಲಿಗೂ ಬರಲ್ಲ. ವಿಮಾನಕ್ಕೆ ಇನ್ನೊಂದು ಹಾಳೆ ಅಚ್ಚು ಹಾಕ್ಕೋತೀನಿ, ನೀನು ಹೊರಡು."

ರಂಗಶಾಮಿ ತಲೆ ಒರೆಸಿಕೊಳ್ಳೋಕೆ ಟವೆಲಿಗೆ ಕೈ ಹಾಕಿದ. "ತಾಳು ಮಾವ, ಇನ್ನೂ ಮುಗಿದಿಲ್ಲ" ಅಂತ ತಿಮ್ಮರಾಯ ಅವನ ಭುಜ ಒತ್ತಿ ಕೂರಿಸಿದ. ತುಂಡುಗಳಲ್ಲಿ ಕೊನೆಯದೊಂದು ಉಳಿದಿತ್ತು, ರಿಪೇರಿಗೆ ಹತ್ತೋರಿಗೆ ಅಂತ ರೆಕ್ಕೆಗೆ ಹಾಕೋ ಕೆಂಪು ಬರಹ. ಅದನ್ನು ನೆತ್ತಿಯ ಮೇಲೆ ನೇರವಾಗಿ ಕೂರಿಸಿದ: "ಇಲ್ಲಿ ಕಾಲಿಡಬಾರದು."