ಹಾಲುಹಲ್ಲು ಬೀಳುವ ತನಕ

ಮಕ್ಕಳ ಹಲ್ಲಿನ ಡಾಕ್ಟರು ಚನ್ನವೀರಯ್ಯನವರು ಪ್ರತಿ ಶನಿವಾರ ನದಿದಂಡೆಯ ಮಠದಲ್ಲಿ ಕೂತು, ಬಂದ ಮಕ್ಕಳನ್ನೆಲ್ಲ ನೋಡುತ್ತಿದ್ದರು. ಅವರನ್ನೇ ಗುರುಗಳೆಂದುಕೊಂಡು ಕೈಕೆಳಗೆ ಕಲಿಯುತ್ತಿದ್ದವಳು ಪ್ರಫುಲ್ಲಾ.

ಒಂದು ಶನಿವಾರ ಗುರುಗಳಿಗೆ ಜ್ವರ. ಪ್ರಫುಲ್ಲಾ ಒಬ್ಬಳೇ ಅರವತ್ತು ಮಕ್ಕಳ ಬಾಯಿ ನೋಡಿದಳು.

ಸೋಮವಾರ ಗುರುಗಳು ಕೇಳಿದರು: "ಯಾರನ್ನಾದರೂ ಹಾಗೇ ವಾಪಸು ಕಳಿಸಿದೆಯಾ?"

"ಒಬ್ಬಳನ್ನು, ಸರ್. ಇಟ್ಟಿಗೆ ಭಟ್ಟಿಯ ಕೂಲಿಯವರ ಮಗಳು, ದುರುಗಮ್ಮ. ಏಳು ವರ್ಷ. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಮೇಲಿನವನ್ನು ದಾಟಿ ಮುಂದೆ ಬರುತ್ತವೆ. ಹಾಲುಹಲ್ಲೆಲ್ಲ ಬೀಳಲಿ, ಆಮೇಲೆ ಬನ್ನಿ ಅಂದೆ."

"ತಾಯಿ ಏನಂದಳು?"

"ಮತ್ತ ಬರಾಕ ಆಗತೈತೋ ಇಲ್ಲೋ, ಈಗ ಏನರ ಮಾಡ್ರಿ ಅಂದಳು."

"ನೀನು?"

"ಮುಂದಿನ ಮಗುವನ್ನು ಕರೆದೆ."



"ಕೆಳದವಡೆಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ, ಹಲ್ಲು ಕಚ್ಚಿಸಿ ನೋಡಿದೆಯಾ?"

"ನೋಡಿದೆ. ಮುಂದಿನ ಹಲ್ಲುಗಳ ತುದಿಗೆ ತುದಿ ತಾಗಿತು. ಆಮೇಲೆ ಅವಳೇ ದವಡೆಯನ್ನು ಮುಂದಕ್ಕೆ ಜಾರಿಸಿ ಬಾಯಿ ಮುಚ್ಚಿದಳು."

"ಅಂದರೆ?"

ಪ್ರಫುಲ್ಲಾಳ ದನಿ ಇಳಿಯಿತು. "ತಪ್ಪು ಮೂಳೆಯದಲ್ಲ. ಮೇಲಿನ ಹಲ್ಲು ದವಡೆಯ ದಾರಿಗೆ ಅಡ್ಡ ನಿಂತಿದೆ, ಅದಕ್ಕೇ ದವಡೆ ಮುಂದಕ್ಕೆ ಜಾರುತ್ತದೆ."

"ಅದಕ್ಕೆ ಏನು ಮಾಡಬೇಕು?"

"ಮೇಲಿನ ಹಲ್ಲನ್ನು ಮುಂದಕ್ಕೆ ತಳ್ಳುವ ಒಂದು ಸಣ್ಣ ಪ್ಲೇಟು. ನಾಲ್ಕೈದು ತಿಂಗಳು."

"ಬಿಟ್ಟರೆ?"

"ದವಡೆ ಹಾಗೇ ಮುಂದಕ್ಕೆ ಬೆಳೆಯಬಹುದು. ದೊಡ್ಡವಳಾದ ಮೇಲೆ ಆಪರೇಷನ್ನೇ ಬೇಕಾಗಬಹುದು."

"ಇದೆಲ್ಲ ಶನಿವಾರವೂ ಗೊತ್ತಿತ್ತಲ್ಲ?"

"ಗೊತ್ತಿತ್ತು, ಸರ್. ಹೊರಗೆ ಇನ್ನೂ ಇಪ್ಪತ್ತು ಮಕ್ಕಳು ಕಾಯುತ್ತಿದ್ದರು."

ಗುರುಗಳು ಎದ್ದು ಚಪ್ಪಲಿ ಮೆಟ್ಟಿದರು. ಜ್ವರ ಇನ್ನೂ ಬಿಟ್ಟಿರಲಿಲ್ಲ. ಪ್ರಫುಲ್ಲಾ ಹಿಂದೆಯೇ ಓಡಿದಳು.

ಭಟ್ಟಿ ಆರಿತ್ತು. ಗುಡಿಸಲುಗಳಲ್ಲಿ ಯಾರೂ ಇರಲಿಲ್ಲ. ಒಬ್ಬ ಮುದುಕ ಇಟ್ಟಿಗೆ ಅಚ್ಚುಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ದುರುಗಮ್ಮನ ಮನೆಯವರು ಎಲ್ಲಿ?" ಗುರುಗಳು ಕೇಳಿದರು.

"ಮಳಿ ಹಿಡೀತಲ್ರೀ, ಕೆಲಸ ಬಂದ್ ಆತು. ಇವತ್ತ ಮುಂಜಾನೆನ ಲಾರಿ ಹತ್ತಿದ್ರು."

"ಯಾವ ಊರಿಗೆ?"

"ಮೇಸ್ತ್ರಿ ಎಲ್ಲಿಗೆ ಕರೀತಾನೋ ಅಲ್ಲಿಗೆ. ಅವರಿಗೂ ಗೊತ್ತಿರಲಿಲ್ಲ."

ಗುರುಗಳು ಚೀಟಿಯಲ್ಲಿ ತಮ್ಮ ನಂಬರು ಬರೆದು ಮುದುಕನ ಕೈಗಿಟ್ಟರು. "ಅವರು ಸಿಕ್ಕರೆ ಕೊಡಪ್ಪ. ಹುಡುಗಿಯ ಬಾಯಿ ಈಗಲೇ ಸರಿ ಮಾಡಬಹುದಂತೆ, ಕಾಯಬೇಡಿ ಅಂತ ಹೇಳು."

"ಸಿಕ್ಕರ ಹೇಳತೀನ್ರಿ," ಅಂದ ಮುದುಕ.

ಯಾರೂ ಫೋನ್ ಮಾಡಲಿಲ್ಲ.

ಪ್ರಫುಲ್ಲಾ ಎರಡು ವರ್ಷ, ರಜೆ ಸಿಕ್ಕಾಗಲೆಲ್ಲ, ಬಸ್ಸು ಹತ್ತಿ ಭಟ್ಟಿಯಿಂದ ಭಟ್ಟಿಗೆ ಅಲೆದಳು. ದುರುಗಮ್ಮ ಅನ್ನುವ ಹೆಸರಿನ ಮೂವರು ಹುಡುಗಿಯರು ಸಿಕ್ಕರು. ಮೂವರಿಂದಲೂ ಹಲ್ಲು ಕಚ್ಚಿಸಿ ನೋಡಿದಳು. ಯಾರೂ ಅವಳಲ್ಲ.

ಮೂರನೆಯವಳನ್ನು ನೋಡಿ ಬರಿಗೈಯಲ್ಲಿ ಬಂದವಳು ಗುರುಗಳ ಎದುರು ಕೂತಳು.

"ಸರ್, ಆ ಹುಡುಗಿ ದೊಡ್ಡವಳಾದ ಮೇಲೆ ನನ್ನನ್ನು ಎಷ್ಟು ಶಪಿಸುತ್ತಾಳೋ."

"ಶಪಿಸುವುದಿಲ್ಲ," ಅಂದರು ಗುರುಗಳು. "ತನ್ನ ಮುಖ ಇರುವುದೇ ಹೀಗೆ ಅಂದುಕೊಳ್ಳುತ್ತಾಳೆ."