ಮುಳ್ಳವ್ವನ ಗುಡ್ಡೆ

"ನೀವು ಮುಂದ ನಡೀರಿ. ಕಾಲಾಗ ಮುಳ್ಳು ಚುಚ್ಚೇತಿ, ತಗದು ಬರ್ತೀನಿ" ಅಂದಳು ತಿಪ್ಪವ್ವ ಗಂಡನಿಗೆ.

ಹುಲುಗಪ್ಪ ನಡೆದ. ತಿರುಗಿ ನೋಡಲಿಲ್ಲ. ಊರೂರು ಅಲೆದು ಸವೆದ ಬೀಸುಕಲ್ಲು ಕುಟ್ಟಿ ಹರಿತ ಮಾಡಿಕೊಡುವವನು ಅವನು. ಬಿಸಿಲೇರುವ ಮೊದಲು ಮುಂದಿನ ಊರು ಮುಟ್ಟಬೇಕಿತ್ತು.

ಎಷ್ಟು ಹೊತ್ತಾದರೂ ಅವಳು ಬರಲಿಲ್ಲ. ಹಿಂದಕ್ಕೆ ಓಡಿ ಬಂದು ನೋಡಿದರೆ ಹಿಮ್ಮಡಿ ನೀಲಿಗಟ್ಟಿತ್ತು. ಚುಚ್ಚಿದ್ದು ಮುಳ್ಳಲ್ಲ, ಹಾವು. ಉಸಿರು ನಿಂತಿತ್ತು.

ಹೆಣಕ್ಕೆ ಹೇಳುವ ಮಂತ್ರ ಅವನಿಗೆ ಗೊತ್ತಿರಲಿಲ್ಲ. ದಾರಿಯ ಪಕ್ಕದಲ್ಲೇ ಮಣ್ಣು ಮಾಡಿ, ಮೇಲೆ ಕಲ್ಲು ಪೇರಿಸಿ, ಮೂರು ದಿನ ಕೂತ. ಹೋಗುವವರು ಬರುವವರು ಏನಾಯಿತು ಅಂದರೆ ಒಂದೇ ಮಾತು: "ನಾ ಬಿಟ್ಟು ಮುಂದ ಹೋದೆ."

ಕೇಳಿದವರು ಒಂದೊಂದು ಕಲ್ಲಿಟ್ಟು ಹೋದರು.

ಆಮೇಲೆ ಅವನು ಹೊಳೆದಂಡೆಯ ಅಜ್ಜನ ಆಶ್ರಮ ಸೇರಿದ. ನೀರು ಹೊತ್ತ. ಅಂಗಳ ಗುಡಿಸಿದ. ಆರು ವರ್ಷ ಹೀಗೇ ಹೋಯಿತು.

ಒಂದು ಮುಂಜಾನೆ ಅಜ್ಜ ಶಿಷ್ಯರಿಗೆ ಲೋಕದ ಧರ್ಮಗಳು ಹುಟ್ಟಿದ ಬಗೆ ಹೇಳುತ್ತಿದ್ದರು.

"ಒಬ್ಬರು ಮರದ ಬುಡಕ ಕುಂತರು. ಒಬ್ಬರು ಮರಳುಗಾಡಿನ ಗವಿಯಾಗ. ಒಬ್ಬರು ಮೀನುಗಾರರ ದೋಣ್ಯಾಗ. ದಂಡಿಲ್ಲ, ಬೊಕ್ಕಸಿಲ್ಲ. ಬರೇ ಮಾತು. ಆ ಮಾತು ಬೆಟ್ಟ ಹತ್ತಿತು, ಕಡಲು ದಾಟಿತು. ಗೆದ್ದ ರಾಜ ಕತ್ತಿ ಕೆಳಗಿಟ್ಟ. ಹಸಿದವರಿಗೆ ಛತ್ರ ಎದ್ದವು. ಎಂಥಾ ಸೋಜಿಗ ನೋಡ್ರಿ!"

ಹುಲುಗಪ್ಪ ಎದ್ದ. ಮೂಲೆಯಲ್ಲಿದ್ದ ಸುತ್ತಿಗೆ ಹೆಗಲಿಗಿಟ್ಟ.

"ಎಲ್ಲಿಗೋ?"

"ಒಡಿಯಾಕ, ಅಜ್ಜಾರ. ನಿನ್ನೆ ದಾರಿಹೋಕನೊಬ್ಬ ಹೇಳಿದ. ತಿಪ್ಪವ್ವನ್ನ ಹುಗಿದ ಜಾಗದಾಗ ದೊಡ್ಡ ಗುಡ್ಡಿ ಆಗೇತಂತ. ಮುಳ್ಳವ್ವ ಅಂತ ಹೆಸರಿಟ್ಟು ಕುಂಕುಮ ಹಚ್ತಾರಂತ."

"ಹಚ್ಚಲಿ."

"ಅಕಿ ದೇವರಲ್ರಿ! ಗೊರಕಿ ಹೊಡೀತಿದ್ಲು. ನನಗ ಮೊಂಡ ಕಲ್ಲು ಅಂತ ಬೈತಿದ್ಲು. ಸುಳ್ಳಿಗೆ ಮಂದಿ ಕೈ ಮುಗಿಯೂದು ನನ್ನಿಂದ ನೋಡಾಕಾಗೂದಿಲ್ಲ."

"ಒಡಿ. ಆದರ ಒಂದು ಗಳಿಗಿ ಕುಂತು ನೋಡಿ ಒಡಿ" ಎಂದು ಅಜ್ಜ ಕೋಲು ತೆಗೆದುಕೊಂಡರು. "ನಡಿ, ನಾನೂ ಬರ್ತೀನಿ."

ಸಂಜೆಗೆ ಮುಟ್ಟಿದರು. ಗುಡ್ಡೆ ಆಳೆತ್ತರ ಬೆಳೆದಿತ್ತು. ಇಬ್ಬರೂ ಆಚೆ ಬದಿ ಕೂತರು.

ಒಬ್ಬ ಗಂಡಸು ಬಿರಬಿರನೆ ಬಂದ. ಹೆಂಡತಿ ಬಹಳ ಹಿಂದೆ, ತಲೆಯ ಮೇಲೆ ಕೊಡ. ಗುಡ್ಡೆಯ ಹತ್ತಿರ ಅವನು ತಟ್ಟನೆ ನಿಂತ. ಅವಳು ಬರುವ ತನಕ ಕಾದ. ಕೊಡ ಇಳಿಸಿ ತನ್ನ ಹೆಗಲಿಗಿಟ್ಟುಕೊಂಡ.

"ದಿನಾ ಹಿಂಗ ಇದ್ದಿದ್ರ ನಾ ಯಾವ ದೇವರಿಗೂ ಹರಕಿ ಹೊರತಿದ್ದಿಲ್ಲ" ಅಂದಳು ಅವಳು.

ಹುಲುಗಪ್ಪ ಎದ್ದು ಹೋಗಿ ಕೇಳಿದ: "ಯಾಕ ನಿಂತಿ, ತಮ್ಮಾ?"

"ಇಲ್ಲಿ ಹೆಂಡ್ತಿನ್ನ ಬಿಟ್ಟು ಮುಂದ ಹೋಗೂಹಂಗಿಲ್ಲ, ಅಣ್ಣಾ. ಮುಳ್ಳವ್ವನ ಆಣಿ."

"ಯಾರು ಹಾಕಿದ್ದು ಆ ಆಣಿ?"

"ಯಾರಂದ್ರ? ನಮ್ಮ ಹಿರ್‍ಯಾರ ಕಾಲದಿಂದ ಐತಿ."

"ಆರು ವರ್ಷ" ಎಂದು ಹುಲುಗಪ್ಪ ಗೊಣಗಿದ. ಅಜ್ಜ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು.

ಸುತ್ತಿಗೆ ಎತ್ತಲಿಲ್ಲ ಅವನು. ಅಲ್ಲೇ ಅಡ್ಡಾದ.

ಮರುದಿನ ಬೆಳಗಾಗುತ್ತಲೇ ದಾರಿಗೆ ಅಡ್ಡ ನಿಂತ. ಮೊದಲು ಬಂದವರು ಒಬ್ಬ ಮುದುಕಿ, ಅವಳ ಮುದುಕ.

"ಅಕಿ ದೇವರಲ್ಲ, ಯವ್ವಾ. ನನ್ನ ಹೆಂಡತಿ, ತಿಪ್ಪವ್ವ. ಬಿಟ್ಟು ಹೋದಾಂವ ನಾನ. ನೀರು ಬೇಕೇನಂತ ಸುದ್ದಾ ಕೇಳಲಿಲ್ಲ."

ಎಲ್ಲಾ ಹೇಳಿದ. ಆರು ವರ್ಷ ಅಳದಿದ್ದವನು ದಾರಿಯ ನಡುವೆ ನಿಂತು ಅತ್ತ.

ಮುದುಕಿ ಪೂರಾ ಕೇಳಿದಳು. ಆಮೇಲೆ, "ಅಕಿಗೆ ಏನು ತಿನ್ನಾಕ ಸೇರತಿತ್ತಪ್ಪಾ?" ಅಂದಳು.

"ಹುರಗಡ್ಲಿ."

ಅವಳು ಸೆರಗಿನ ಗಂಟು ಬಿಚ್ಚಿದಳು. ಒಂದು ಹಿಡಿ ಹುರಿಗಡಲೆ ಕಲ್ಲಿನ ಮೇಲಿಟ್ಟಳು. ಮುದುಕ ತಲೆಯ ರುಮಾಲು ತೆಗೆದು, "ತಿಪ್ಪವ್ವ ತಾಯಿ" ಎಂದು ಕೈ ಮುಗಿದ.

ಹುಲುಗಪ್ಪ ಅಜ್ಜನ ಕಡೆ ತಿರುಗಿದ. "ನಾ ಒಡಿಯಾಕ ಬಂದಿದ್ನಿ, ಅಜ್ಜಾರ."

ಅಜ್ಜ ಗುಡ್ಡೆಗೆ ಒಂದು ಕಲ್ಲಿಟ್ಟು ಅಂದರು:

"ಒಡಿಯಾಕ ಬಂದವರೇ ಹೆಚ್ಚು ಕಟ್ಯಾರೋ, ಹುಲುಗಪ್ಪ."